ನಾಲ್ಕನೆಯ ಜ್ವರ ಮುಗಿಸಿ ಎದ್ದ ರೇಷ್ಮೆಹುಳುಗಳಿಗೆ

ಶಿಡ್ಲಘಟ್ಟ ತಾಲ್ಲೂಕು
೧೯೫೯ರ ಶ್ರಾವಣ

ನಮ್ಮ ಮನೆಯ ಬಿದಿರು ತಟ್ಟೆಗಳಲ್ಲಿ ದಯಮಾಡಿಸಿರುವ ಮಾನ್ಯ ರೇಷ್ಮೆಹುಳುಗಳೇ,

ತಮ್ಮ ಪಾದಗಳಿಗೆ, ಅವು ಎಷ್ಟೇ ಇರಲಿ, ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ದಿನಕ್ಕೆ ಐದು ಬಾರಿ ಹಿಪ್ಪುನೇರಳೆ ಸೊಪ್ಪು ಹಾಕಿ ತಮ್ಮ ಕ್ಷೇಮ ವಿಚಾರಿಸುವವಳು ನಾನೇ. ನನ್ನ ಕ್ಷೇಮವನ್ನು ತಾವು ಇದುವರೆಗೆ ಕೇಳದ ಕಾರಣ ಈ ಪತ್ರ.

ನಮ್ಮ ಪಾಪುವಿಗೆ ಐದು ತಿಂಗಳು. ಅದು ಕಣ್ಣು ಮುಚ್ಚುವ ಹೊತ್ತಿಗೆ ತಮ್ಮ ಊಟದ ಹೊತ್ತಾಗುತ್ತದೆ, ತಾವು ಉಂಡು ಮುಗಿಸುವ ಹೊತ್ತಿಗೆ ಅದಕ್ಕೆ ಹಸಿವಾಗುತ್ತದೆ. ಇಂಥ ಹೊಂದಾಣಿಕೆಯನ್ನು ನಾನು ಚಿಕ್ಕಬಳ್ಳಾಪುರದ ಬಸ್ಸುಗಳಲ್ಲೂ ಕಂಡಿಲ್ಲ. ನಿದ್ದೆಗೆಟ್ಟು ಹಾಲು ಕಡಿಮೆಯಾದೀತೆಂಬ ಹೆದರಿಕೆ ಬೇರೆ. ಉಸಿರಾಡುತ್ತಿದೆಯೇ ಎಂದು ಮಗುವಿನ ಮೂಗಿಗೆ ಬೆರಳು ಹಿಡಿದು ನೋಡುವುದು ನನ್ನ ಅಭ್ಯಾಸ. ಮೊನ್ನೆ ಅದೇ ಬೆರಳನ್ನು ತಮ್ಮಲ್ಲೊಬ್ಬರ ಮುಂದೆಯೂ ಹಿಡಿದಿದ್ದೆ. ಮನ್ನಿಸಬೇಕು.

ತಾವಾದರೋ ಮೂರು ನಾಲ್ಕು ದಿನ ಉಂಡು, ಆಮೇಲೆ ತಲೆಯೆತ್ತಿ, ಅಲುಗದೆ, ಒಂದಿಡೀ ದಿನ ನಿದ್ದೆ ಮಾಡುತ್ತೀರಿ. ಹಿರಿಯರು ಅದನ್ನು ಜ್ವರವೆನ್ನುತ್ತಾರೆ. ಎದ್ದ ಮೇಲೆ ಹಳೆಯ ಚರ್ಮ ಕಳಚಿ, ಹೊಸಬರಾಗಿ ಊಟಕ್ಕೆ ಕೂರುತ್ತೀರಿ. ತಾವು ಮಲಗಿದ ದಿನ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆಯಿಲ್ಲ, ಹೊರಗಿನವರಿಗೆ ಪ್ರವೇಶವಿಲ್ಲ, ಮಾತೆಲ್ಲ ಪಿಸುಮಾತು. ಹಾಡುಹಗಲೇ ಮಲಗಿದಿರೆಂದು ತಮ್ಮನ್ನು ಸೋಮಾರಿಗಳೆಂದವರನ್ನು ನಾನು ಕಂಡಿಲ್ಲ.

ಮೂರನೆಯ ಜ್ವರದ ದಿನ ನನ್ನಿಂದ ಅಪರಾಧವಾಯಿತು. ತೂಕಡಿಸುತ್ತಲೇ, ಮಲಗಿದ್ದ ತಮ್ಮ ಮೇಲೆ ಒಂದು ಮಂಕರಿ ಸೊಪ್ಪು ಸುರಿದುಬಿಟ್ಟೆ. ಅತ್ತೆ ವೆಂಕಟರತ್ನಮ್ಮನವರು ಒಂದೊಂದೇ ಎಲೆ ಆರಿಸಿ ತೆಗೆಯುತ್ತ, “ಮಲಗಿರೋರ ಮೇಲೆ ಊಟ ಸುರೀತಾರೇನಮ್ಮ? ಈಗ ನಿದ್ದೆ ಕೆಟ್ರೆ ಗೂಡು ಕಟ್ಟಕ್ಕೆ ಶಕ್ತಿ ಎಲ್ಲಿಂದ ಬರ್ತದೆ ಅವಕ್ಕೆ?” ಎಂದರು. ಇಂಟರ್‌ಮೀಡಿಯಟ್‌ನಲ್ಲಿ ಓದಿದ ಯಾವ ಪಾಠವೂ ನನಗೆ ಇಷ್ಟು ಚೆನ್ನಾಗಿ ತಲೆಗೆ ಹತ್ತಿರಲಿಲ್ಲ.

ಆದ್ದರಿಂದ ನಿನ್ನೆ, ತಮ್ಮ ನಾಲ್ಕನೆಯ ಜ್ವರದ ದಿನ, ಮನೆಯಲ್ಲೆಲ್ಲ ಸದ್ದಿಲ್ಲದ ಜಾಗ ತಮ್ಮ ಕೋಣೆಯೇ ಎಂದು ಹೊಳೆದು, ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ಪಾಪುವಿನೊಂದಿಗೆ ಮಲಗಿದೆ. ಅತ್ತೆ ಬಂದದ್ದು ಗೊತ್ತಾಯಿತು, ಕಣ್ಣು ಬಿಡಲಾಗಲಿಲ್ಲ. ಬೈಗುಳಕ್ಕೆ ಕಾದೆ. ಅವರು ಪಾಪುವನ್ನು ಮೆಲ್ಲನೆ ಎತ್ತಿಕೊಂಡರು. ಬಾಗಿಲಲ್ಲಿ ನಿಂತು ಕಾಫಿಗೆಂದು ಕೂಗಹೊರಟ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, “ಮೆತ್ತಗೆ ಕಣೋ. ಇವ್ಳೂ ಇನ್ನೂ ಗೂಡು ಕಟ್ಟಬೇಕು,” ಎಂದರು.

ನಾನು ಸಂಜೆಯವರೆಗೆ ಮಲಗಿದೆ. ಎದ್ದಾಗ ಮೈಮೇಲೆ ಹೊಸ ಚರ್ಮವೇನೂ ಇರಲಿಲ್ಲ, ಆದರೂ ಇದ್ದಂತಿತ್ತು.

ಹೀಗಿರುವಲ್ಲಿ ನನ್ನ ಬಿನ್ನಹವೆಂದರೆ, ನಾಲ್ಕೇ ಜ್ವರದ ಹಳೆಯ ಸಂಪ್ರದಾಯವನ್ನು ಬಿಟ್ಟು ಮುಂದಿನ ಬೆಳೆಯಿಂದ ತಾವು ದಿನ ಬಿಟ್ಟು ದಿನ ಮಲಗಬೇಕು. ಅದು ಆಗದಿದ್ದರೆ ಆ ವಿದ್ಯೆಯನ್ನು ನಮ್ಮ ಪಾಪುವಿಗಾದರೂ ಹೇಳಿಕೊಡಬೇಕು. ಇಂದಿನಿಂದ ಏಳು ದಿನ ತಾವು ಮದುವೆಮನೆಯ ಬೀಗರಂತೆ ಉಣ್ಣುವವರು. ಬನ್ನಿ, ನಾನೂ ಸಿದ್ಧಳಾಗಿದ್ದೇನೆ.

ಮಲಗಿ ಎದ್ದ ತಮ್ಮ ವಿಶ್ವಾಸಿ,
ಅಮ್ಮಾಜಮ್ಮ

ಮರೆತ ಮಾತು: ತಮಗೆ ಓದಲು ಬಾರದೆಂದು ಬಲ್ಲೆ. ಇದನ್ನು ಪತ್ರಿಕೆಗೆ ಕಳಿಸುತ್ತಿರುವುದು, ನಮ್ಮ ಯಜಮಾನರು ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ, ಜಾಹೀರಾತನ್ನೂ ಬಿಡದೆ, ಓದುವವರಾದ್ದರಿಂದ. ಮುಂದಿನ ಬೆಳೆಯ ಹೊತ್ತಿಗೆ ಓದಿ ಮುಗಿಸಿರುತ್ತಾರೆ. ಅವರಿಗೆ ತಿಳಿದಿರಲಿ, ಸೊಪ್ಪಿನ ಮಂಕರಿ ಬಾಗಿಲ ಎಡಗಡೆ ಇದೆ.