ತೋಳಕ್ಕೆ ಥಂಡಿ, ಕತ್ತೆಗೆ ಕವಚ

ಕೋಲ್ಕತ್ತದ ಡಮ್ ಡಮ್‌ನ ನಮ್ಮ ಮನೆಯಲ್ಲಿ ಭಾನುವಾರ ಬಂತೆಂದರೆ ಏನಾದರೊಂದು ಎಡವಟ್ಟು ಆಗದೆ ಇರುವುದಿಲ್ಲ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ, ಒಬ್ಬೊಬ್ಬರು ಒಬ್ಬೊಬ್ಬ ವೀರರಾಗಿ ಕತೆ ಬೆಳೆಸುವ ಆಟ ನಮ್ಮದು. ನಡೆಸುವವನು ನಾನು. ಗುಹೆಯ ರಾಕ್ಷಸನನ್ನು ಕೊಲ್ಲುವುದೊಂದು ಬಾಕಿ. ನನಗೆ ವರ್ಗಾವಣೆಯಾಗಿದೆ, ಊರು ಬಿಡುವುದರೊಳಗೆ ಕತೆ ಮುಗಿಯಲೇಬೇಕೆಂದು ನನ್ನ ಹಟ. ಆದರೆ ವೀರರಿಗೆಲ್ಲ ಜೊತೆಗೊಂದೊಂದು ಪ್ರಾಣಿ ಆರಿಸಿಕೊಳ್ಳಿ ಎಂದು ಹೇಳಿ ಕೆಟ್ಟೆ.

ತೋಳ

ಧಾರವಾಡದ ನನ್ನ ಹೆಂಡತಿ ತೋಳ ಆರಿಸಿದಳು. ಅದಕ್ಕೆ ಉಕ್ಕಿನ ಕವಚವಿದೆ, ಮುಳ್ಳಿನ ಕೊರಳಪಟ್ಟಿಯಿದೆ, ಏನು ಕೊಡಲಿ ಎಂದೆ. ಮಂಕಿ ಕ್ಯಾಪ್ ಕೇಳಿದಳು. ಕೋಲ್ಕತ್ತದ ಗಾಳಿ ಅವಳಿಗೂ ತಾಗಿದೆ. ನವೆಂಬರಿನಲ್ಲಿ ಕಿವಿ ಮುಚ್ಚದ ಜೀವ ಕಂಡರೆ ಅವಳಿಗೆ ಸಂಕಟ. ತೋಳಕ್ಕೆ ಮೈತುಂಬ ಕೂದಲಿದೆ ಮಾರಾಯ್ತಿ ಎಂದೆ. ಕೇಳಲಿಲ್ಲ.

ತೋಳದ ಶಕ್ತಿಯೆಲ್ಲ ಕಿವಿಯಲ್ಲಿ. ಆ ಕಿವಿ ಮುಚ್ಚಿದ್ದರಿಂದ, ಕಳ್ಳರು ಪಕ್ಕದಲ್ಲೇ ಬಂದು ಬುತ್ತಿ ಹೊತ್ತೊಯ್ದರೂ ಅದಕ್ಕೆ ಗೊತ್ತಾಗಲಿಲ್ಲ.

"ಹೋಗ್ಲಿ ಬಿಡ್ರಿ, ನೆಗಡಿ ಅಂತೂ ಆಗಲಿಲ್ಲಲ್ಲ," ಎಂದಳು.

ಕತ್ತೆ

ಗಾರ್ಡನ್ ರೀಚ್‌ನಲ್ಲಿ ಹಡಗು ಕಟ್ಟುವ ಇಂಜಿನಿಯರ್ ಗೆಳೆಯರೊಬ್ಬರು ಕತ್ತೆ ತೆಗೆದುಕೊಂಡರು. ಎಲ್ಲೂ ಸಂದಿ ಇರಬಾರದೆಂದು ಮೂತಿಯಿಂದ ಬಾಲದವರೆಗೆ ಕಬ್ಬಿಣದ ತಗಡು ಹೊದಿಸಿದರು. ಕತ್ತೆ ನಿಂತಲ್ಲಿಂದ ಕದಲಲಿಲ್ಲ. ಕವಚ ಬಿಸಾಡಿ ಎಂದರೆ ಅವರಿಗೆ ಮನಸ್ಸಾಗದು. ಕೊನೆಗೆ ಕತ್ತೆ ಆರಾಮಾಗಿ ಮುಂದೆ ನಡೆಯಿತು, ಅದರ ಕವಚ ಹೊತ್ತು ಮೂವರು ವೀರರು ಹಿಂದೆ ನಡೆದರು.

ಗೂಬೆ

ಜೋಕಾದಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವ ಮೇಷ್ಟ್ರದು ಗೂಬೆ. ಬೇಹುಗಾರಿಕೆಯ ವಿದ್ಯೆ ಬಿಟ್ಟು ಮಾತಾಡುವ ವಿದ್ಯೆ ಕೊಡಿಸಿದರು. ಕೊಡಿಸಿದ್ದೇ ತಡ, ಅದಕ್ಕೆ ಇಂಟರ್‌ವ್ಯೂ ಶುರು. ಇನ್ನೈದು ವರ್ಷದಲ್ಲಿ ಎಲ್ಲಿರಬೇಕೆಂದಿದ್ದೀಯ ಎಂದು ಕೇಳಿದರು. ಗೂಬೆಯ ಪರವಾಗಿ ಉತ್ತರ ಕೊಡಬೇಕಾದವನು ನಾನು. ಮರದ ಮೇಲೆ ಎಂದೆ.

ಮಹತ್ವಾಕಾಂಕ್ಷೆ ಸಾಲದೆಂದು ನನ್ನನ್ನು ಫೇಲ್ ಮಾಡಿದರು.

ಗುಹೆ

ಕಡೆಯ ಭಾನುವಾರ ಅಂತೂ ಗುಹೆ ಮುಟ್ಟಿದರು. ಬಾಗಿಲು ಕಿರಿದು, ಮೂಟೆಗಳನ್ನೆಲ್ಲ ಹೊರಗೇ ಇಳಿಸಬೇಕು ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

ಹೌರಾ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಪಳಗಿದ ಜನ. ಲಗೇಜ್ ಹತ್ತಿರ ಯಾರಾದರೂ ಕೂರಬೇಕಲ್ಲ ಎಂದು ಮೇಷ್ಟ್ರು ಕೂತೇಬಿಟ್ಟರು. ಒಬ್ಬರನ್ನೇ ಬಿಟ್ಟರೆ ಕಣ್ತಪ್ಪಿಸಿ ಎತ್ತಿಕೊಂಡು ಹೋಗುತ್ತಾರೆ ಎಂದು ಇಂಜಿನಿಯರೂ ಕೂತರು. ಪ್ರಾಣಿಗಳಿಗೆ ತಿನ್ನಿಸಬೇಕೆಂದು ನನ್ನ ಹೆಂಡತಿಯೂ.

ಒಳಗೆ ರಾಕ್ಷಸ ಒಬ್ಬನೇ. ಇವತ್ತು ಬಿಟ್ಟರೆ ಅವನಿಗೆ ಸಾವಿಲ್ಲ, ನನಗೆ ಮುಕ್ತಿಯಿಲ್ಲ. ಬೇರೆ ದಾರಿ ಕಾಣದೆ ಎದ್ದು ನಿಂತು, ಅವನ ದನಿಯಲ್ಲಿ ಮೇಜು ಗುದ್ದಿ ಗರ್ಜಿಸಿದೆ.

ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು.

"ಸಾವಕಾಶ್ರೀ. ತೋಳಕ್ಕ ಈಗಷ್ಟ ನಿದ್ದಿ ಹತ್ತೇದ."