ಬೊಡ್ಡೆ ಕೀಳುವ ಔತಣ

ಕಲಿಪಾ ಹಾಲು ಕರೆಯುತ್ತಿದ್ದಳು. ಬಕೆಟ್ಟು ಅರ್ಧ ತುಂಬಿತ್ತು. ಅಷ್ಟರಲ್ಲಿ ಗೇಟಿನಾಚೆ ಟ್ರ್ಯಾಕ್ಟರು ಗುಡುಗಿತು, ಹಸು ಬೆದರಿ ಕಾಲು ಝಾಡಿಸಿತು, ಬಕೆಟ್ಟು ಉರುಳಿತು. ಸಗಣಿಯ ಮೇಲೆ ಹರಿಯುವ ಹಾಲಿನಿಂದ ಕಣ್ಣೆತ್ತಿ ನೋಡಿದರೆ ಗೇಟಿನ ತುಂಬ ಜನ. ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಗುದ್ದಲಿ, ಪಿಕಾಸಿ, ಹಾರೆ. ಇಡೀ ಬೀದಿಯೇ ಎದ್ದು ಬಂದಿತ್ತು.

"ಅಶರ್!" ಎಂದು ಟ್ರ್ಯಾಕ್ಟರಿನ ಮೇಲಿಂದ ಬಕಸ್ ಕೂಗಿದ.

ಅಶರ್ ಎಂದರೆ ಊರವರೆಲ್ಲ ಸೇರಿ ಒಬ್ಬರ ಕೆಲಸ ಮಾಡಿಕೊಡುವುದು. ಕೂಲಿ ಇಲ್ಲ, ಊಟ ಮಾತ್ರ. ಆ 'ಮಾತ್ರ'ದೊಳಗೆ ಒಂದು ಇಡೀ ಕುರಿ ಅಡಗಿರುತ್ತದೆ.

"ನಾನು ಕರೆದದ್ದು ನಿನ್ನೊಬ್ಬನನ್ನ ಕಣೋ!" ಕಲಿಪಾ ಹಲ್ಲು ಕಚ್ಚಿ ಹೇಳಿದಳು. "ಒಂದು ಗಳಿಗೆ ಬಂದು ಬೊಡ್ಡೆ ಎಳೆದುಕೊಡು ಅಂದ್ರೆ, ಮದುವೆ ದಿಬ್ಬಣ ತಂದಿದ್ದೀಯಲ್ಲ!"

"ಅಂಗಡಿ ಮುಂದೆ ಹೇಳಿದ್ರಲ್ಲ ಎಜೆ. ಅಂಗಡಿಗೂ ಕಿವಿ ಇರುತ್ತೆ." ಎಜೆ, ಅಂದರೆ ಅಕ್ಕ, ಎಂದೇ ಕಿರಿಯರೆಲ್ಲ ಅವಳನ್ನು ಕರೆಯುತ್ತಿದ್ದುದು.

ಗಂಡ ಎರ್ಮೆಕ್ ಕುರಿಮಂದೆಯ ಜೊತೆ ಬೆಟ್ಟದ ಮೇಲಿದ್ದ. ಅವನು ಹುಟ್ಟಿದಾಗ ಅವನ ಅಪ್ಪ ಸಾಲಾಗಿ ಪಾಪ್ಲರ್ ನೆಟ್ಟಿದ್ದರು, ಮುಂದೆ ಮಗನ ಮನೆಯ ತೊಲೆಗೆ ಆಗಲೆಂದು. ಈ ವಸಂತದಲ್ಲಿ ಮರ ಕಡಿದದ್ದಾಯಿತು, ತೊಲೆಗಳು ಒಣಗಿದ್ದೂ ಆಯಿತು. ಬೊಡ್ಡೆಗಳು ಮಾತ್ರ ಮುರಿದ ಹಲ್ಲಿನ ಹಾಗೆ ನೆಲದಲ್ಲೇ ಕೂತಿದ್ದವು. ನಾಳೆ ಪಾಯ ತೋಡಲು ಮೇಸ್ತ್ರಿ ಬರುವವನಿದ್ದ. "ಜಾಗ ಚೊಕ್ಕಟ ಇಲ್ಲದಿದ್ರೆ ನಿಲ್ಲಲ್ಲ, ಪಕ್ಕದೂರಿಗೆ ಹೋಗ್ತೀನಿ. ಆಮೇಲೆ ಹಿಮ ಕರಗಿದ ಮೇಲೇ" ಎಂದಿದ್ದ. ಅಂದರೆ ಇನ್ನೊಂದು ಚಳಿಗಾಲ ಭಾವನ ಮನೆಯ ಒಂದೇ ಕೋಣೆಯಲ್ಲಿ, ಸಕ್ಕರೆ ಡಬ್ಬಿಯನ್ನು ಅಲ್ಲಾಡಿಸಿ ನೋಡುವ ಓರಗಿತ್ತಿಯ ಜೊತೆ.

ಕಲಿಪಾ ಕೈ ಒರೆಸಿಕೊಂಡಳು. "ನಡೀರಿ, ಜಾಗ ತೋರಿಸ್ತೀನಿ."

"ನೀನ್ಯಾಕಮ್ಮ?" ಎಂದರು ಒಸ್ಮೊನ್ ಬಾಯ್ಕೆ. ಕಾಲುವೆಯಾಚೆ ಅವರ ಜಾಗ ಕಲಿಪಾಳ ಜಾಗಕ್ಕೆ ಅಂಟಿಕೊಂಡೇ ಇತ್ತು. ಇಬ್ಬರ ಮರಗಳನ್ನೂ ಒಟ್ಟಿಗೇ ಕೊಯ್ದಿದ್ದರು. "ಗಂಡಸರು ಇಷ್ಟು ಜನ ಇದ್ದೀವಿ. ನೀನು ಕಡಾಯಿ ನೋಡ್ಕೋ, ಬೊಡ್ಡೆ ನಾವು ನೋಡ್ಕೋತೀವಿ."

"ಜಾಗ ನಂದು, ಬೊಡ್ಡೆ ನಂದು, ಕುರೀನೂ ನಂದು. ನೋಡೋದು ಮಾತ್ರ ನೀವಾ?"

"ಸೊಸೆ ಬಾಯಿ ಜೋರಾಗಿದೆ," ಎಂದು ಚೊರೊ ಅತಾ ಗಡ್ಡ ನೀವಿಕೊಂಡರು. "ದಾರಿ ನಾನು ತೋರಿಸ್ತೀನಿ."

ಅಲ್ಲಿಗೆ ಮಾತು ಮುಗಿಯಿತು. ಬೀದಿಯಲ್ಲೇ ಹಿರಿಯರಾದ ಚೊರೊ ಅತಾ ಹೇಳಿದ ಮೇಲೆ ಎದುರಾಡುವವರಿಲ್ಲ. ಹೋದ ವರ್ಷ ಅವರು ಗುರುವಾರವನ್ನು ಶುಕ್ರವಾರ ಎಂದದ್ದಕ್ಕೆ ಇಡೀ ಬೀದಿ ಒಂದು ದಿನ ಮೊದಲೇ ಜುಮ್ಮಾ ನಮಾಜಿಗೆ ಹೋಗಿ, ಬೀಗ ಹಾಕಿದ ಬಾಗಿಲು ನೋಡಿಕೊಂಡು ಬಂದಿತ್ತು. ಅತಾ ಕೋಲೂರಿಕೊಂಡು ಮುಂದೆ ಹೊರಟರು. ಅವರನ್ನು ದಾಟಿ ಹೋಗಬಾರದಲ್ಲ, ಟ್ರ್ಯಾಕ್ಟರೂ ಬಸವನಹುಳುವಿನಂತೆ ಹಿಂದೆ ಹೊರಟಿತು.

ಇದ್ದದ್ದೊಂದು ಕೊಬ್ಬಿದ ಕುರಿ. ಚಳಿಗಾಲಕ್ಕೆಂದು ಸಾಕಿದ್ದು. ಅದು ಕಡಾಯಿ ಸೇರಿತು. ಹಿಟ್ಟು ನಾದುತ್ತ ಕಲಿಪಾ ಒಬ್ಬೊಬ್ಬರ ಹೆಸರು ಹೇಳಿ ಗುದ್ದುತ್ತಿದ್ದಳು. ಒಂದು ಗುದ್ದು ಬಕಸ್‌ಗೆ, ಎರಡು ಒಸ್ಮೊನ್ ಬಾಯ್ಕೆಗೆ. ಹಿಟ್ಟು ಎಂದೂ ಅಷ್ಟು ಮೆತ್ತಗಾಗಿರಲಿಲ್ಲ.

ಜಾಗದಿಂದ ಸುದ್ದಿಗಳು ಬರತೊಡಗಿದವು. ಮೊದಲು ಒಬ್ಬ ಓಡಿ ಬಂದ. "ಸರಪಳಿ ತುಂಡಾಯ್ತು! ಚಹಾ ಇದೆಯಾ?" ಇನ್ನೊಬ್ಬ ಬಂದ. "ಟ್ರ್ಯಾಕ್ಟರು ಕಾಲುವೆಗಿಳೀತು! ಕರಿದ ರೊಟ್ಟಿ ಇದೆಯಾ?" ಮೂರನೆಯವನು ಸೊಂಟ ಹಿಡಿದುಕೊಂಡು ಬಂದು ಗೋಡೆಗೊರಗಿ ಕೂತ. "ಕಾಲುವೆ ಪಕ್ಕದ ದೊಡ್ಡ ಬೊಡ್ಡೆ ಇದೆಯಲ್ಲ ಎಜೆ, ಅದು ನನ್ನ ಸೊಂಟ ಮುರೀತು."

"ದೊಡ್ಡದು ಇರೋದು ರಸ್ತೆ ಪಕ್ಕ!" ಕಲಿಪಾ ಸೌಟು ಎತ್ತಿದಳು. "ಕಾಲುವೆ ಯಾವುದು ರಸ್ತೆ ಯಾವುದು ಅನ್ನೋದೂ ಗೊತ್ತಿಲ್ಲ, ನನಗೆ ಬುದ್ಧಿ ಹೇಳೋಕೆ ಬರ್ತೀರಿ!"

ಅವಳು ಚಪ್ಪಲಿ ಮೆಟ್ಟಿ ಜಾಗಕ್ಕೆ ಹೊರಟಾಗಲೆಲ್ಲ ಓರಗಿತ್ತಿ ಕೂಗುತ್ತಿದ್ದಳು. "ಕಲಿಪಾ, ಸಾರು ಉಕ್ಕಿತು!" ಸಾರು ಉಕ್ಕದೇ ಇದ್ದಾಗಲೂ ಕೂಗುತ್ತಿದ್ದಳು. ಕೊನೆಗೆ ಕಲಿಪಾ ಮಗಳು ಬೆರ್ಮೆತ್‌ಳ ಕೈಯಲ್ಲಿ ಮಜ್ಜಿಗೆ ಕ್ಯಾನು ಕೊಟ್ಟು ಕಳಿಸಿದಳು. ಮಗು ಹುಬ್ಬು ಗಂಟಿಕ್ಕಿಕೊಂಡು ವಾಪಸು ಬಂತು.

"ಅಪಾ, ಅಲ್ಲಿ..." ಎಂದು ಅಮ್ಮನನ್ನು ಕರೆದಳು.

"ಬೊಡ್ಡೆ ಬಂದ್ವಾ?"

"ಬಂದ್ವು. ಆದ್ರೆ ಅಪಾ..."

"ಬಂದ್ವಲ್ಲ, ಸಾಕು ಪುಟ್ಟಿ. ಬಟ್ಟಲು ತೊಳಿ."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡಸರು ಮರಳಿದರು, ಕೋಟೆ ಗೆದ್ದು ಬಂದವರ ಹಾಗೆ, ಮೈಯೆಲ್ಲ ಮಣ್ಣು. ಬಕಸ್ ಒಳಕ್ಕೂ ಬರಲಿಲ್ಲ. ಮಾಂಸವನ್ನು ರೊಟ್ಟಿಯಲ್ಲಿ ಸುತ್ತಿಕೊಂಡು, ಬೆಟ್ಟದಿಂದ ಹುಲ್ಲು ತರಬೇಕೆಂದು ಟ್ರ್ಯಾಕ್ಟರು ಹತ್ತಿ ಹೊರಟೇಬಿಟ್ಟ. ಕುರಿಯ ತಲೆ ಚೊರೊ ಅತಾರ ಮುಂದೆ ಕೂತಿತು. ಒಸ್ಮೊನ್ ಬಾಯ್ಕೆಯ ಮರ್ಯಾದೆಯಂತೂ ವಿಚಿತ್ರವಾಗಿತ್ತು. ಎಂದೂ ಇಲ್ಲದ ಹಾಗೆ ಇವತ್ತು ತಾವೇ ಎದ್ದು ಎಲ್ಲರ ಕೈಗೆ ನೀರು ಹಾಕಿದರು. "ಚಿನ್ನದಂಥ ಸೊಸೆ," ಎಂದು ಅವಳ ಮುಖ ನೋಡದೆ ಹೊಗಳಿದರು.

ಬೆಳಗಿನಿಂದ ಕುದಿಯುತ್ತಿದ್ದ ಕಲಿಪಾಳ ಸಿಟ್ಟು ಸ್ವಲ್ಪ ತಣ್ಣಗಾಯಿತು. ಹೋಗಲಿ, ಕುರಿ ಹೋದರೂ ಜಾಗ ಚೊಕ್ಕಟವಾಯಿತಲ್ಲ. ನಾಳೆ ಪಾಯ, ಚಳಿಗೆ ಮೊದಲು ಗೋಡೆ.

"ಅಪಾ..." ಬೆರ್ಮೆತ್ ಅಮ್ಮನ ಅಂಗಿಯ ಅಂಚು ಜಗ್ಗಿದಳು.

"ಹಿರಿಯರು ಉಣ್ತಿದ್ದಾರೆ. ಸುಮ್ನಿರು."

ಚೊರೊ ಅತಾ ಕೊನೆಯ ಎಲುಬನ್ನು ಚೀಪಿ ಇಟ್ಟು ಎರಡೂ ಅಂಗೈ ಎತ್ತಿದರು. "ಈ ಮನೆ ಏಳಲಿ, ಒಲೆ ಆರದಿರಲಿ. ಮಾಡಬೇಕಾದ ಕೆಲಸ ಮಾಡಿದ್ದೀವಿ. ಇನ್ನು ಈ ಬೊಡ್ಡೆ ಮಾತು ಯಾರೂ ಎತ್ತೋದು ಬೇಡ. ಓಮೀನ್!"

"ಓಮೀನ್!" ಎಲ್ಲರ ಅಂಗೈಗಳೂ ಮುಖ ಸವರಿ ಕೆಳಗಿಳಿದವು. ಹಿರಿಯರ ಹಾರೈಕೆ ಮುಗಿಯಿತೆಂದರೆ ಅಶರ್ ಮುಗಿದ ಹಾಗೆ. ಅದೇ ಕೆಲಸಕ್ಕೆ ಯಾರನ್ನೂ ಮತ್ತೆ ಕರೆಯುವಂತಿಲ್ಲ. ಜನ ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು.

ಇನ್ನು ಮಾತಾಡಬಹುದೆಂದು ಬೆರ್ಮೆತ್‌ಗೆ ಅನ್ನಿಸಿರಬೇಕು. ಕೋಣೆಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು.

"ಅಪಾ, ನಮ್ಮ ಬೊಡ್ಡೆ ಎಲ್ಲಾ ಹಾಗೇ ಇದಾವೆ. ಚೊರೊ ಅತಾ ಕೋಲು ತೋರಿಸಿದ್ರು ಅಂತ ಎಲ್ರೂ ಒಸ್ಮೊನ್ ಬಾಯ್ಕೆ ಜಾಗದ್ದು ಕಿತ್ತು ಹಾಕಿದ್ರು. ನಾವು ಮನೆ ಅವರ ಜಾಗದಲ್ಲೇ ಕಟ್ಟೋದಾ?"