ಕತ್ತರಿಗೆ ಸಿಕ್ಕಿದ ದೊಡ್ಡ ಮಾವ

ದಿನವಿಡೀ ಜನರ ದೂರು ಕೇಳುವುದೇ ಗುಮಾಸ್ತನ ಉದ್ಯೋಗ. ವಿದ್ಯುತ್ ಕಚೇರಿಯಲ್ಲಿ ಅವನು ಕೂರುವ ಕಿಂಡಿಯ ಮುಂದೆ ಯಾರೂ ನಗುತ್ತಾ ನಿಂತದ್ದಿಲ್ಲ. ರಕ್ತದೊತ್ತಡ ಏರಿದಾಗ ಡಾಕ್ಟರು, "ಕೈಗೆ ಕೆಲಸ ಇರೋ, ತಲೆಗೆ ಇಲ್ಲದಿರೋ ಹವ್ಯಾಸ ಏನಾದ್ರೂ ಹಿಡೀರಿ" ಎಂದರು. ಹಾಗೆ ಅವನು ಪಕ್ಕದ ಬೀದಿಯಲ್ಲಿ ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕೊಲಾಜ್ ತರಗತಿಗೆ ಸೇರಿದ. ಮೊದಲು ಕತ್ತರಿ, ಅಂಟು. ಆಮೇಲೆ ಕಂಪ್ಯೂಟರಿನಲ್ಲಿ ಫೋಟೊ ಜೋಡಣೆ. ಕಲಿಸುವ ಮೇಡಂ ಮೊದಲ ದಿನವೇ, "ಕತ್ತರಿಸೋವಾಗ ಕನಿಕರ ಇಟ್ಕೋಬೇಡಿ" ಎಂದಿದ್ದರು.

ಭಾನುವಾರ ಬೆಳಿಗ್ಗೆ ಅವನು ಕಪಾಟಿನ ಹಳೆಯ ಪತ್ರಿಕೆಗಳ ಕಟ್ಟನ್ನು ಹರಡಿಕೊಂಡು ಕೂತ. ಒಂದು ಹುಂಜದ ಚಿತ್ರ ಸಿಕ್ಕಿತು. ಅದಕ್ಕೆ ತಕ್ಕ ಮುಖ ಹುಡುಕುವಾಗ ಕಟ್ಟಿನೊಳಗಿಂದ ಕಂದುಬಣ್ಣದ ಫೋಟೊವೊಂದು ಜಾರಿಬಿತ್ತು. ಯಾರೋ ಸಾಲಾಗಿ ನಿಂತಿದ್ದರು. ತುದಿಯಲ್ಲಿದ್ದ ಮೀಸೆಯ ತರುಣ ಮಾತ್ರ ಇಡೀ ಲೋಕ ತನಗೆ ಸಾಲ ಬಾಕಿ ಉಳಿಸಿಕೊಂಡಿದೆ ಎಂಬಂತೆ ಮುಖ ಗಂಟಿಕ್ಕಿದ್ದ. ಗುಮಾಸ್ತ ಕನಿಕರವಿಲ್ಲದೆ ಕತ್ತರಿಸಿ, ಹುಂಜದ ಕತ್ತಿನ ಮೇಲೆ ಧಾರಾಳವಾಗಿ ಅಂಟು ಬಳಿದು ಕೂರಿಸಿದ. ಚೆನ್ನಾಗಿ ಒಪ್ಪಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ರೀ, ಪತ್ರಿಕೆಗಳ ಮಧ್ಯೆ ಒಂದು ಫೋಟೊ ಇಟ್ಟಿದ್ದೆ, ಸುರುಳಿ ಸುತ್ಕೊಂಡಿತ್ತು ಅಂತ. ನೋಡಿದ್ರಾ?"

"ಯಾವ ಫೋಟೊ?"

"ಅಮ್ಮಂದು. ಮನೆ ಬಿಟ್ಟು ಹೋದ್ನಲ್ಲ ದೊಡ್ಡ ಮಾವ, ಅವನಿರೋ ಒಂದೇ ಒಂದು ಫೋಟೊ. ಗಾಜಿನ ಕಟ್ಟು ಹಾಕಿಸ್ಬೇಕಂತೆ. ಮಧ್ಯಾಹ್ನ ಬಂದು ಸಂಜೆ ಬಸ್ಸಿಗೆ ತಗೊಂಡು ಹೋಗ್ತಾಳೆ."

"ಇಲ್ಲೇ ಎಲ್ಲೋ ಇರ್ಬೇಕು," ಎಂದ ಗುಮಾಸ್ತ. ಹುಂಜದ ಮೈಯಲ್ಲಿ ದೊಡ್ಡ ಮಾವ ಅವನನ್ನೇ ದುರುಗುಟ್ಟಿ ನೋಡುತ್ತಿದ್ದ.

ಹುಂಜವನ್ನೂ ತಲೆ ಹೋದ ಫೋಟೊವನ್ನೂ ಅಂಗಿಯೊಳಗೆ ಸೇರಿಸಿಕೊಂಡು ಅವನು ಮಹಡಿ ಹತ್ತಿದ. ಅಲ್ಲಿ ಹೊಸದಾಗಿ ಬಾಡಿಗೆಗೆ ಬಂದಿದ್ದ ಒಂಟಿ ದರ್ಜಿ, ಕೇಳದವರಿಗೂ ಸಲಹೆ ಕೊಡುವ ಮುದುಕ, ವಿಷಯ ಕೇಳಿ ಉಲ್ಲಾಸಗೊಂಡ.

"ಅಂಟು ತಾನೆ? ಹಬೆ ತೋರಿಸಿದ್ರೆ ಬಿಟ್ಕೊಳ್ಳುತ್ತೆ," ಎಂದು ಇಸ್ತ್ರಿಪೆಟ್ಟಿಗೆ ಇಟ್ಟ. ಅಂಟು ನಿಜಕ್ಕೂ ಬಿಟ್ಟುಕೊಂಡಿತು. ಮುಖ ಮಾತ್ರ ಇಸ್ತ್ರಿಪೆಟ್ಟಿಗೆಯ ಜೊತೆ ಹೋಯಿತು. ದರ್ಜಿ ಅದನ್ನು ಉಗುರಿನಿಂದ ಕೆರೆದು ನೋಡಿದ. "ಮೀಸೆ ಗಟ್ಟಿಯಾಗಿದೆ, ಉಳ್ಕೊಂಡಿದೆ," ಎಂದು ಸಮಾಧಾನ ಹೇಳಿದ.

ಇಬ್ಬರೂ ಮೇಡಂ ಮನೆಗೆ ಓಡಿದರು. ತಲೆಯಿಲ್ಲದ ದೊಡ್ಡ ಮಾವನನ್ನು ಕಂಡ ಮೇಡಂಗೆ ಮರುಕಕ್ಕಿಂತ ಉತ್ಸಾಹವೇ ಹೆಚ್ಚು ಬಂತು. "ಮುಂದಿನ ಪಾಠ ಇವತ್ತೇ ಮಾಡೋಣ," ಎಂದು ಕಂಪ್ಯೂಟರ್ ತೆರೆದರು. "ಬೆಳಕು ಎಡಗಡೆಯಿಂದ ಬೀಳ್ತಿದೆ. ಅದೇ ಬೆಳಕಿರೋ ಒಂದು ಮುಖ ಬೇಕು."

ಹಿಂದೆ ತಿರುಗಿ ನೋಡಿದರೆ ದರ್ಜಿ ಆಗಲೇ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು, ಕೂದಲು ಒತ್ತಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಮೇಡಂ ಅವನ ಫೋಟೊ ತೆಗೆದು ಸುಕ್ಕು ಅಳಿಸಿದರು, ಕೆನ್ನೆ ತುಂಬಿದರು, ಮೀಸೆಗೆ ಕಪ್ಪು ಬಳಿದರು. ಕಂದುಬಣ್ಣ ಹಾಯಿಸಿ, ಮಸುಕು ಮಾಡಿ, ಒಂದೆರಡು ಗೀರು ಕೂಡ ಎಳೆದರು. ಮುದ್ರಿಸಿ ತೆಗೆದಾಗ ಇವನೇ ನಿಜವಾದ ದೊಡ್ಡ ಮಾವ, ಹುಂಜಕ್ಕೆ ತಲೆ ಕೊಟ್ಟವನು ಬೇರೆ ಯಾರೋ ಅನ್ನಿಸುವಂತಿತ್ತು. "ಇದು ನಿಮ್ಮ ಮೊದಲ ಒಳ್ಳೆ ಕೆಲಸ," ಎಂದರು ಮೇಡಂ, ಮೌಸ್ ಮುಟ್ಟದೆ ನಿಂತಿದ್ದ ಗುಮಾಸ್ತನಿಗೆ.

ಮನೆಗೆ ಬರುವಷ್ಟರಲ್ಲಿ ಅತ್ತೆ ಊಟದ ಮೇಜಿನ ಮುಂದೆ ಕೂತಾಗಿತ್ತು. "ಎಲ್ಲಿ ಫೋಟೊ?"

ಗುಮಾಸ್ತ ಕೊಟ್ಟ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಇವನೇ," ಎಂದರು ಅತ್ತೆ. ದನಿ ನಡುಗುತ್ತಿತ್ತು. "ಅಣ್ಣ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ಈ ಫೋಟೊ ನೋಡಿಯೂ ಎಷ್ಟೋ ಕಾಲ ಆಯ್ತು. ಇಷ್ಟು ಲಕ್ಷಣವಾಗಿದ್ದ ಅಂತ ನೆನಪೇ ಇರ್ಲಿಲ್ಲ."

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಆಗ ಬಾಗಿಲಲ್ಲಿ ಕೆಮ್ಮಿದ ಸದ್ದು. ತನ್ನ ಮುಖ ಪಾಸಾಯಿತೋ ಇಲ್ಲವೋ ಎಂದು ತಿಳಿಯಲು ದರ್ಜಿ ಇಳಿದು ಬಂದಿದ್ದ. ಹೋಗು ಎಂದು ಗುಮಾಸ್ತ ಕಣ್ಸನ್ನೆ ಮಾಡಿದ. ದರ್ಜಿ ಒಳಗೆ ಬಂದ.

ಅತ್ತೆ ಫೋಟೊ ನೋಡಿದರು, ದರ್ಜಿಯನ್ನು ನೋಡಿದರು, ಮತ್ತೆ ಫೋಟೊ ನೋಡಿದರು. ನಿಧಾನವಾಗಿ ಎದ್ದು ನಿಂತರು. "ಅಣ್ಣ," ಎಂದರು.

ದರ್ಜಿ ತನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಮೇಜಿನ ಮೇಲೆ ಹಬೆಯಾಡುವ ಊಟವಿತ್ತು. ಅವನು ಬಹಳ ವರ್ಷಗಳಿಂದ ತನ್ನ ಅಡುಗೆಯನ್ನೇ ಉಂಡವನು.

"ಹೇಳು ತಂಗಿ," ಎಂದ.

ಹೆಂಡತಿಯ ಕಣ್ಣಲ್ಲೂ ನೀರು. "ಅದೇ ಮೂಗು ನೋಡ್ರೀ," ಎಂದಳು. ಗುಮಾಸ್ತ ನೋಡಿದ. ಅದೇ ಮೂಗಾಗಿತ್ತು, ಅಲ್ಲವೆನ್ನಲು ದಾರಿಯಿರಲಿಲ್ಲ.

ಕೈತೊಳೆಯುವ ನೆಪದಲ್ಲಿ ದರ್ಜಿಯನ್ನು ಪಕ್ಕಕ್ಕೆಳೆದು, "ನಿಜ ಹೇಳಿಬಿಡಿ," ಎಂದು ಪಿಸುಗುಟ್ಟಿದ.

"ಹೇಳೋಣಂತೆ," ಎಂದ ದರ್ಜಿ ಶಾಂತವಾಗಿ. "ಹುಂಜದಿಂದ ಶುರು ಮಾಡ್ಲಾ, ಇಸ್ತ್ರಿಪೆಟ್ಟಿಗೆಯಿಂದ್ಲಾ?"

ಗುಮಾಸ್ತ ಟವೆಲ್ ಕೊಟ್ಟ.

ಊಟದ ನಡುವೆ ಅತ್ತೆ ತಮ್ಮ ತೀರ್ಮಾನ ತಿಳಿಸಿದರು. "ಅಣ್ಣನೇ ಇಲ್ಲಿದ್ದ ಮೇಲೆ ನಾನ್ಯಾಕೆ ಊರಿಗೆ ಹೋಗ್ಲಿ? ಅವನೂ ಮೇಲೆ ಒಬ್ನೇ ಇರೋದು ಬೇಡ. ಇನ್ಮೇಲೆ ಎಲ್ಲಾ ಒಟ್ಟಿಗೇ ಇರೋಣ." ಹೆಂಡತಿ ಆಗಲೇ ಎದ್ದು, ಮಲಗುವ ಕೋಣೆಯಿಂದ ಗಂಡನ ಹಾಸಿಗೆಯನ್ನು ನಡುಮನೆಗೆ ಎಳೆಯತೊಡಗಿದ್ದಳು.

ಮೇಜಿಗೆ ನಾಲ್ಕೇ ಕುರ್ಚಿ. ಒಂದರ ಮೇಲೆ ಅತ್ತೆಯ ಚೀಲ, ಇನ್ನೊಂದರ ಮೇಲೆ ದರ್ಜಿಯ ಕಾಲು. ಗುಮಾಸ್ತ ತಟ್ಟೆ ಹಿಡಿದು ಗೋಡೆಗೊರಗಿ ನಿಂತಿದ್ದ. ಎರಡನೆಯ ಸಲ ಬಡಿಸಿಕೊಂಡ ದರ್ಜಿ ಅವನತ್ತ ತಿರುಗಿ ಅಕ್ಕರೆಯಿಂದ ಹೇಳಿದ:

"ಸಂಕೋಚ ಯಾಕೆ ಅಳಿಯಂದಿರೇ? ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ."